ಹದಿಮೂರು ವರ್ಷದ ಒಡೆತನ

1957ರ ಏಪ್ರಿಲ್ 1ರಂದು ಅಂದಿನ ಮುಂಬಯಿ ರಾಜ್ಯದ ಗೇಣಿದಾರರು ಕಾನೂನಿನ ಲೆಕ್ಕದಲ್ಲಿ ತಾವು ಉಳುತ್ತಿದ್ದ ನೆಲಕ್ಕೆ ಒಡೆಯರಾದರು. 1948ರ ಗೇಣಿ ಕಾಯಿದೆಗೆ 1956ರಲ್ಲಿ ಬಂದ ತಿದ್ದುಪಡಿ ಆ ದಿನವನ್ನು ಗೊತ್ತುಪಡಿಸಿತ್ತು. ಅದಾಗಿ ಹದಿಮೂರು ವರ್ಷ ತುಂಬುವ ಮೊದಲೇ, 1970ರ ಫೆಬ್ರವರಿಯಲ್ಲಿ, ಥಾಣೆ ಖಾಡಿಯ (ಕಡಲ ಹಿನ್ನೀರಿನ) ಮೂಡಣ ದಡದ ಹಳ್ಳಿಗಳ ಜಮೀನನ್ನು ಹೊಸ ನಗರವೊಂದಕ್ಕಾಗಿ ತೆಗೆದುಕೊಳ್ಳುವ ಅಧಿಸೂಚನೆ ಹೊರಬಿತ್ತು. ಮರುತಿಂಗಳು, ಮಾರ್ಚ್ 17ರಂದು, ಆ ಕೆಲಸಕ್ಕೆಂದೇ ಸಿಡ್ಕೋ ಎಂಬ ಸರ್ಕಾರಿ ಕಂಪನಿ ಹುಟ್ಟಿತು. ಐರೋಲಿ, ದಿಘಾದಿಂದ ಪನ್ವೇಲ್, ಉರಣ್‌ವರೆಗೆ ಒಟ್ಟು 95 ಹಳ್ಳಿಗಳು, 343 ಚದರ ಕಿಲೋಮೀಟರ್‌ಗೂ ಮಿಕ್ಕ ನೆಲ ನವಿ ಮುಂಬಯಿಯ ನಕ್ಷೆಯೊಳಕ್ಕೆ ಬಂದವು. ಅಪ್ಪನ ಕಾಲಕ್ಕೆ ಕೈಗೆ ಬಂದ ಸಾತ್‌ಬಾರಾ ಉತಾರೆ ಎಂಬ ಪಹಣಿಯ ಮೇಲಿನ ಹೆಸರು ಮಗನ ಕಾಲಕ್ಕೆ ಅಳಿಸಿತು. ನವಿ ಮುಂಬಯಿಯ ಚರಿತ್ರೆಯನ್ನು ಸಾಮಾನ್ಯವಾಗಿ ಎರಡು ಬಗೆಯಲ್ಲಿ ಹೇಳುತ್ತಾರೆ: ಒಂದು, ಯೋಜಿತ ನಗರದ ಯಶೋಗಾಥೆ, ಇನ್ನೊಂದು, ಬಡ ರೈತರಿಗಾದ ಮೋಸ. ಎರಡರಲ್ಲೂ ಒಂದು ಪಕ್ಷ ಸರಿ, ಮತ್ತೊಂದು ತಪ್ಪು. ನನಗೆ ಕಾಣುವಂತೆ ಇಲ್ಲಿ ಗುದ್ದಾಡಿದವು ಒಂದಕ್ಕಿಂತ ಹೆಚ್ಚು ನ್ಯಾಯಗಳು. ರೈತನನ್ನು ಜಮೀನ್ದಾರನಿಂದ ಬಿಡಿಸಿದ ವಾದವೇ ಹೆಚ್ಚೂಕಡಿಮೆ ಅದೇ ಮಾತುಗಳಲ್ಲಿ ರೈತನನ್ನು ನೆಲದಿಂದಲೂ ಬಿಡಿಸಿತು. ಇದನ್ನು ವಿಧಿಯ ಅಣಕ ಎಂದು ತಳ್ಳಿಹಾಕಿದರೆ ಮುಂದಿನ ಅರ್ಧ ಶತಮಾನದ ಜಗಳ ಅರ್ಥವಾಗುವುದಿಲ್ಲ.

ಆ ನೆಲ ಎಂಥದ್ದು ಎಂಬುದನ್ನು ಮೊದಲು ನೋಡಬೇಕು. ಉಬ್ಬರದ ನೀರು ಒಳನುಗ್ಗುವ ಜವುಗಿಗೆ ಮಣ್ಣಿನ ಒಡ್ಡು ಕಟ್ಟಿ, ಮಳೆಗಾಲದ ಸಿಹಿನೀರಿನಲ್ಲಿ ಉಪ್ಪು ತೊಳೆದು, ವರ್ಷಕ್ಕೊಂದು ಭತ್ತದ ಬೆಳೆ ತೆಗೆಯುವ ಖಾರ ಭೂಮಿ ಅದು. ಅಘನಾಶಿನಿಯ ದಡದ ಗಜನಿ ಗದ್ದೆ, ಕಗ್ಗದ ಭತ್ತ ಬಲ್ಲವರಿಗೆ ಹೆಚ್ಚು ವಿವರಿಸಬೇಕಿಲ್ಲ. ಒಡ್ಡು ಒಂದು ಕಡೆ ಒಡೆದರೆ ಉಪ್ಪುನೀರು ಎಲ್ಲರ ಗದ್ದೆಗೂ ನುಗ್ಗುತ್ತದೆ. ಹಾಗಾಗಿ ಅದನ್ನು ಕಾಯುವ ಕೆಲಸ ಊರಿನದು, ಒಬ್ಬನದಲ್ಲ. ಈ ಬೇಸಾಯ ಆಗ್ರಿ ಸಮುದಾಯದ ಕಸುಬು. ಉಪ್ಪಿನ ಆಗರಗಳಲ್ಲೂ ಅವರದೇ ದುಡಿಮೆ. ಖಾಡಿಯ ಮೀನು, ಸಿಗಡಿ, ಚಿಪ್ಪು ಕೋಳಿ ಎಂಬ ಮೀನುಗಾರ ಸಮುದಾಯದ ಪಾಲು. ಈ ಬದುಕಿಗೆ ಬಂಗಾರದ ಚೌಕಟ್ಟು ಹಾಕುವ ಅಗತ್ಯವಿಲ್ಲ. ಬೆಳೆ ಒಂದೇ, ಇಳುವರಿ ಕಮ್ಮಿ, ಸಾಲ ಸದಾ. ಕೊಂಕಣದ ಖೋತಿ ಪದ್ಧತಿಯಲ್ಲಿ ಊರಿನ ಕಂದಾಯ ಎತ್ತುವ ಹಕ್ಕು ಖೋತರದು. ಎತ್ತಿದ್ದರಲ್ಲಿ ಸರ್ಕಾರಕ್ಕೆ ಕಟ್ಟಿ ಮಿಕ್ಕಿದ್ದು ಅವರ ಮನೆಗೆ. ಬೆಳೆಯ ಪಾಲು, ಬಿಟ್ಟಿ ದುಡಿಮೆ, ಬಡ್ಡಿ ಎಲ್ಲವೂ ಸೇರಿ ಉಳುವವನಿಗೆ ಉಳಿಯುತ್ತಿದ್ದುದು ಅಷ್ಟಕ್ಕಷ್ಟೆ. ಪ್ರತಿಭಟನೆ ಮಾತ್ರ ಈ ಸೀಮೆಗೆ ಹೊಸದಲ್ಲ. ಉರಣ್ ತಾಲೂಕಿನ ಚಿರ್ನೇರ್‌ನಲ್ಲಿ 1930ರ ಸೆಪ್ಟೆಂಬರ್ 25ರಂದು ಜಂಗಲ್ ಸತ್ಯಾಗ್ರಹಿಗಳ ಮೇಲೆ ಗುಂಡು ಹಾರಿತು. ಅಲ್ಲಿ ಸತ್ತವರ ಹೆಸರುಗಳನ್ನು ಇಂದಿಗೂ ಆ ಊರು ನೆನೆಯುತ್ತದೆ.

ಉರಣ್ ಸೇರಿದ್ದ ಅದೇ ಕುಲಾಬಾ ಜಿಲ್ಲೆಯ ಅಲಿಬಾಗ್ ಕಡೆ, ಚರಿ ಎಂಬ ಊರಿನಲ್ಲಿ, 1933ರಲ್ಲಿ ಆಗ್ರಿ ಗೇಣಿದಾರರು ಖೋತರ ಜಮೀನನ್ನು ಉಳುವುದಿಲ್ಲವೆಂದು ಕೈಕಟ್ಟಿ ಕುಳಿತರು. ನಾರಾಯಣ ನಾಗು ಪಾಟೀಲರ ಮುಂದಾಳ್ತನದ ಆ ಮುಷ್ಕರ 1939ರವರೆಗೆ ಎಳೆಯಿತು. ಹೊಲ ಬೀಳುಬಿಟ್ಟು, ಕಾಡಿನ ಸೌದೆ ಮಾರಿ, ಅರೆಹೊಟ್ಟೆಯಲ್ಲಿ ವರ್ಷಗಳನ್ನು ನೂಕಿದ ಮುಷ್ಕರ ಅದು. ಅಂಬೇಡ್ಕರ್ ಈ ಗೇಣಿದಾರರ ಬೆಂಬಲಕ್ಕೆ ನಿಂತರು; 1937ರ ಸೆಪ್ಟೆಂಬರ್‌ನಲ್ಲಿ ಮುಂಬಯಿ ವಿಧಾನಸಭೆಯಲ್ಲಿ ಖೋತಿ ಪದ್ಧತಿಯನ್ನು ರದ್ದುಮಾಡುವ ಮಸೂದೆ ಮಂಡಿಸಿದರು; 1938ರ ಜನವರಿಯಲ್ಲಿ ಕೊಂಕಣದ ರೈತರ ದೊಡ್ಡ ಮೆರವಣಿಗೆ ಮುಂಬಯಿಗೆ ಬಂತು. ಖೋತರ ವಕೀಲರ ಬಳಿಯೂ ವಾದವಿತ್ತು, ಅದನ್ನು ಹಗುರವಾಗಿ ಕಾಣಬಾರದು. ತಮ್ಮ ಆಸ್ತಿಯನ್ನು ತಮಗೆ ಬೇಕಾದ ಷರತ್ತಿಗೆ ಗೇಣಿ ಕೊಡುವುದು ತಮ್ಮ ಸ್ವಾತಂತ್ರ್ಯ. ಒಪ್ಪದವನು ಬಿಟ್ಟುಹೋಗಲಿ, ಬಲವಂತವಿಲ್ಲ ಎಂಬುದು ಆ ವಾದದ ಸಾರ. ಇದಕ್ಕೆ ರೈತರು ಕೊಟ್ಟ ಉತ್ತರವೂ ಸ್ವಾತಂತ್ರ್ಯದ ಹೆಸರಿನದೇ: ಬಿಟ್ಟುಹೋಗಲು ಬೇರೆ ಜಾಗವಿಲ್ಲದವನಿಗೆ ಒಪ್ಪಂದ ಎಂಬುದು ಬರೀ ಹೆಸರು. ಗಣರಾಜ್ಯ ರೈತರ ಪರ ತೀರ್ಮಾನಿಸಿತು. 1949ರಲ್ಲಿ ಖೋತಿ ಹೋಯಿತು. 1951ರಲ್ಲಿ ಸಂವಿಧಾನದ ಮೊದಲ ತಿದ್ದುಪಡಿ ಭೂಸುಧಾರಣೆಯ ಕಾಯಿದೆಗಳನ್ನು ಕೋರ್ಟಿನ ಕೈಗೆ ಸಿಗದಂತೆ ಒಂಬತ್ತನೆಯ ಅನುಸೂಚಿಯಲ್ಲಿಟ್ಟಿತು. ಆ ಪಟ್ಟಿಯಲ್ಲಿ ಬಿಹಾರದ ಕಾಯಿದೆಯ ಬೆನ್ನಿಗೆ ಎರಡನೆಯದೇ 1948ರ ಮುಂಬಯಿ ಗೇಣಿ ಕಾಯಿದೆ. (ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳು 1956ರ ನವೆಂಬರ್‌ನಲ್ಲಿ ಮೈಸೂರಿಗೆ ಸೇರಿದ್ದರಿಂದ ಅಲ್ಲಿನ ರೈತರು ಏಪ್ರಿಲ್ 1ರ ಫಲಕ್ಕೆ ಐದು ತಿಂಗಳ ಅಂತರದಲ್ಲಿ ಹೊರಗುಳಿದರು, ಉಳುವವನನ್ನೇ ಹೊಲದೊಡೆಯ ಮಾಡುವ ಕೆಲಸ ನಮ್ಮಲ್ಲಿ ದೇವರಾಜ ಅರಸರ 1974ರ ತಿದ್ದುಪಡಿಯವರೆಗೆ ಕಾಯಬೇಕಾಯಿತು.)

ಐಸಾಯಾ ಬರ್ಲಿನ್ 1958ರ ಅಕ್ಟೋಬರ್ 31ರಂದು ಆಕ್ಸ್‌ಫರ್ಡ್‌ನಲ್ಲಿ ಎರಡು ಬಗೆಯ ಸ್ವಾತಂತ್ರ್ಯಗಳ ಕುರಿತು ಉಪನ್ಯಾಸ ಕೊಟ್ಟಾಗ ಕುಲಾಬಾದ ಗೇಣಿದಾರರ ನೆನಪು ಅವರಿಗೆ ಇದ್ದಿರಲಾರದು. ಆದರೂ ಅವರ ವಿಂಗಡಣೆ ಇಲ್ಲಿ ಕೆಲಸಕ್ಕೆ ಬರುತ್ತದೆ. ಒಂದು, ಇತರರು ನನ್ನ ದಾರಿಗೆ ಅಡ್ಡ ಬಾರದಿರುವುದು. ಇನ್ನೊಂದು, ನನ್ನ ಬಾಳಿಗೆ ನಾನೇ ಯಜಮಾನನಾಗುವುದು. ಖೋತ ಕೇಳಿದ್ದು ಮೊದಲನೆಯದನ್ನು, ಗೇಣಿದಾರ ಕೇಳಿದ್ದು ಎರಡನೆಯದನ್ನು. ಆ ಉಪನ್ಯಾಸದ ಕೊನೆಯ ಭಾಗದ ಮಾತು ಇನ್ನೂ ಮುಖ್ಯ. ಮನುಷ್ಯ ಬೆಲೆಕೊಡುವ ಒಳ್ಳೆಯವೆಲ್ಲ ಒಂದೇ ಚೀಲದಲ್ಲಿ ಹಿಡಿಯುವುದಿಲ್ಲ. ಒಂದನ್ನು ಆರಿಸಿದರೆ ಇನ್ನೊಂದು ನಿಜವಾಗಿಯೇ ಕಳೆದುಹೋಗುತ್ತದೆ. ಎಲ್ಲವನ್ನೂ ಹೊಂದಿಸುವ ಒಂದು ಅಂತಿಮ ಸೂತ್ರ ಇದೆಯೆಂದು ನಂಬಿದವರೇ ಹೆಚ್ಚು ಹಿಂಸೆ ಮಾಡಿದವರು ಎಂದು ಅವರು ವಾದಿಸಿದರು. ಅಂಬೇಡ್ಕರರ ನಿಲುವು ಇದಕ್ಕಿಂತ ಬೇರೆ. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಅವರು ಸ್ವಾತಂತ್ರ್ಯ, ಸಮಾನತೆ, ಸೋದರತೆಗಳನ್ನು ಬಿಡಿಬಿಡಿಯಾಗಿ ತೆಗೆದುಕೊಳ್ಳಲಾಗದು, ಒಂದನ್ನು ಬಿಟ್ಟರೆ ಉಳಿದವು ಹುಸಿಯಾಗುತ್ತವೆ ಎಂದರು. ಮೇಲ್ನೋಟಕ್ಕೆ ಇವೆರಡು ಎದುರುಬದುರು. ನನ್ನ ಮಟ್ಟಿಗೆ ಹಾಗಲ್ಲ. ಮೂರೂ ಬೇಕೇಬೇಕು ಎನ್ನುವುದು ಒಂದು ಮಾತು. ಮೂರೂ ಸುಲಭವಾಗಿ ಕೂಡಿಬರುತ್ತವೆ ಎನ್ನುವುದು ಬೇರೆಯೇ ಮಾತು. ಅಂಬೇಡ್ಕರ್ ಹೇಳಿದ್ದು ಮೊದಲನೆಯದನ್ನು ಮಾತ್ರ. ಎರಡನೆಯದನ್ನು ಹೇಳಿದವರು ನಂತರದ ಅಧಿಕಾರಿಗಳು.

ನವಿ ಮುಂಬಯಿಯ ಕಲ್ಪನೆ ಹುಟ್ಟಿದ್ದು ದುರಾಸೆಯಿಂದಲ್ಲ ಎಂಬುದನ್ನು ಒತ್ತಿ ಹೇಳಬೇಕು. 1965ರಲ್ಲಿ ಮುಲ್ಕ್ ರಾಜ್ ಆನಂದರ ಸಂಪಾದಕತ್ವದ ‘ಮಾರ್ಗ್’ ಪತ್ರಿಕೆಯಲ್ಲಿ ವಾಸ್ತುಶಿಲ್ಪಿಗಳಾದ ಚಾರ್ಲ್ಸ್ ಕೊರಿಯಾ, ಪ್ರವೀಣಾ ಮೆಹ್ತಾ ಮತ್ತು ಎಂಜಿನಿಯರ್ ಶಿರೀಷ್ ಪಟೇಲ್ ಒಂದು ಪ್ರಸ್ತಾವ ಮುಂದಿಟ್ಟರು. ಉತ್ತರ ದಕ್ಷಿಣವಾಗಿ ಚಾಚಿದ ಮುಂಬಯಿ ದ್ವೀಪದ ಉಸಿರುಗಟ್ಟಿದೆ. ಬೆಳವಣಿಗೆಯನ್ನು ಖಾಡಿಯ ಆಚೆ ಮೂಡಣಕ್ಕೆ ತಿರುಗಿಸಬೇಕು. ಡಿ. ಆರ್. ಗಾಡ್ಗೀಳರ ಸಮಿತಿಯೂ 1966ರಲ್ಲಿ ಅದೇ ದಿಕ್ಕಿಗೆ ಕೈತೋರಿತು. ಯೋಜನೆಯ ಹೃದಯದಲ್ಲಿ ಒಂದು ಆರ್ಥಿಕ ತತ್ತ್ವವಿತ್ತು. ಗದ್ದೆಯಾಗಿರುವಾಗಲೇ ನೆಲವನ್ನು ಗದ್ದೆಯ ಬೆಲೆಗೆ ಕೊಂಡು, ರಸ್ತೆ, ಸೇತುವೆ, ನೀರು ತಂದು, ಏರಿದ ಬೆಲೆಯಿಂದಲೇ ನಗರ ಕಟ್ಟುವುದು. ಉಳ್ಳವರಿಗೆ ದುಬಾರಿಗೆ ಮಾರಿ ಇಲ್ಲದವರಿಗೆ ಅಗ್ಗದಲ್ಲಿ ಮನೆ ಕೊಡುವುದು. ರೈತನಿಗೆ ಕಮ್ಮಿ ಬೆಲೆ ಕೊಟ್ಟದ್ದು ಹೀಗೆ ಜಿಪುಣತನವಾಗಿರಲಿಲ್ಲ, ಸಿದ್ಧಾಂತವಾಗಿತ್ತು. ಅದರ ಬೆನ್ನಿಗೆ ಜಾನ್ ಸ್ಟುವರ್ಟ್ ಮಿಲ್, ಹೆನ್ರಿ ಜಾರ್ಜ್ ಅವರಂಥ ಹಿರಿಯರಿದ್ದರು. ವಾಶಿಯ ಸೇತುವೆಯಿಂದ ಗದ್ದೆಯ ಬೆಲೆ ನೂರು ಪಟ್ಟು ಏರಿದರೆ ಆ ಏರಿಕೆ ರೈತನ ದುಡಿಮೆಯ ಫಲವಲ್ಲ, ಸಮಾಜದ್ದು. ಅದು ಸಮಾಜಕ್ಕೇ ಹೋಗಲಿ ಎಂಬ ಈ ವಾದಕ್ಕೆ ನೇರವಾದ ಖಂಡನೆ ನನಗೆ ತಿಳಿದಿಲ್ಲ. ಮುಂಬಯಿಯ ಝೋಪಡಿಗಳಲ್ಲಿ, ಚಾಳುಗಳ ಒಂದೇ ಕೋಣೆಯಲ್ಲಿ ಎಂಟು ಹತ್ತು ಮಂದಿ ಬದುಕುತ್ತಿದ್ದ ಕಾಲವದು. ತಲೆಯ ಮೇಲೊಂದು ಸೂರು ಇಲ್ಲದವನಿಗೂ ತನ್ನ ಬಾಳಿನ ಯಜಮಾನಿಕೆ ಬೇಡವೇ?

ಆದರೆ ಈ ವಾದ ನಿಲ್ಲುವುದು ಒಂದು ಷರತ್ತಿನ ಮೇಲೆ. ಏರಿದ ಬೆಲೆ ನಿಜಕ್ಕೂ ಸಮಾಜಕ್ಕೆ ಸೇರಬೇಕು. ಮೊದಲ ವರ್ಷಗಳಲ್ಲಿ ಸಿಡ್ಕೋ ಸಣ್ಣ ಆದಾಯದವರಿಗೆ ಮನೆಗಳನ್ನು ಕಟ್ಟಿತು. ಬೇಲಾಪುರದಲ್ಲಿ ಕೊರಿಯಾ ರೂಪಿಸಿದ ಅಂಗಳ ಮನೆಗಳ ಬಡಾವಣೆ ಆ ಆದರ್ಶದ ಕುರುಹಾಗಿ ಉಳಿದಿದೆ. ಬರಬರುತ್ತ ಭೂಖಂಡಗಳು ಟೆಂಡರಿಗೆ ಬಂದವು, ಹೆಚ್ಚು ಕೂಗಿದವರ ಪಾಲಾದವು. ಮಂತ್ರಾಲಯ ಮೊದಲಾದ ಸರ್ಕಾರಿ ಕಚೇರಿಗಳು ಖಾಡಿ ದಾಟಿ ಬರುತ್ತವೆಂಬ ಮೂಲ ನಿರೀಕ್ಷೆ ಕೈಗೂಡಲಿಲ್ಲ. ನರೀಮನ್ ಪಾಯಿಂಟ್‌ನಲ್ಲಿ ಸಮುದ್ರ ತುಂಬಿ ಗಗನಚುಂಬಿಗಳನ್ನು ಕಟ್ಟುವುದು ನಿಲ್ಲಲಿಲ್ಲ. ಮಂಕುರ್ದ್‌ನಿಂದ ವಾಶಿಗೆ ರೈಲು ಬರಲು 1992 ಆಗಬೇಕಾಯಿತು. ರೈತನಿಗೆ ನಿರಾಕರಿಸಿದ ‘ದುಡಿಯದ ಲಾಭ’ ಬಿಲ್ಡರನ ಜೇಬಿಗೆ ಹೋದ ಕ್ಷಣಕ್ಕೆ ರೈತನ ವಿರುದ್ಧದ ನೈತಿಕ ವಾದದ ತಳ ಕುಸಿಯಿತು. ಯೋಜಕರ ತತ್ತ್ವ ತಪ್ಪಾಗಿರಲಿಲ್ಲ. ಅದನ್ನು ಹೇಳುತ್ತಲೇ ಇದ್ದು ಬೇರೊಂದನ್ನು ಮಾಡಿದ್ದು ತಪ್ಪು.

ಖೋತನ ಆಸ್ತಿಯನ್ನೂ ಉಳುವವನ ಗದ್ದೆಯನ್ನೂ ಒಂದೇ ತಕ್ಕಡಿಗೆ ಹಾಕುವುದು ಸರಿಯೇ ಎಂದು ಯಾರಾದರೂ ಕೇಳಬಹುದು. ಒಬ್ಬ ಕುಳಿತು ತಿನ್ನುವವ, ಇನ್ನೊಬ್ಬ ದುಡಿದು ತಿನ್ನುವವ. ಆಕ್ಷೇಪ ಸರಿ, ಸಂವಿಧಾನವೂ ಇದನ್ನು ಗಮನಿಸದೆ ಬಿಡಲಿಲ್ಲ. 1964ರ ಹದಿನೇಳನೆಯ ತಿದ್ದುಪಡಿ, ಭೂಮಿತಿಯೊಳಗೆ ಸ್ವತಃ ಸಾಗುವಳಿ ಮಾಡುವವನ ನೆಲವನ್ನು ತೆಗೆದುಕೊಂಡರೆ ಮಾರುಕಟ್ಟೆಯ ಬೆಲೆಗೆ ಕಡಿಮೆಯಿಲ್ಲದ ಪರಿಹಾರ ಕೊಡಲೇಬೇಕೆಂದಿತು. ಅಂದರೆ ದುಡಿಯುವವನ ನೆಲ ಬೇರೆ ಜಾತಿಯದೆಂದು ಕಾನೂನು ಒಪ್ಪಿತು, ಆದರೆ ಆ ಬೇರೆತನವನ್ನು ಕೊನೆಗೆ ರೂಪಾಯಿಯಲ್ಲೇ ಅಳೆಯಿತು. ಆ ರೂಪಾಯಿಯೂ 1894ರ ಬ್ರಿಟಿಷ್ ಕಾಯಿದೆಯ ಪ್ರಕಾರ ಮೊದಲ ಅಧಿಸೂಚನೆಯ ದಿನಕ್ಕೆ ನಿಂತುಬಿಡುತ್ತಿತ್ತು. ಅಧಿಸೂಚನೆ 1970ರದು, ಎಷ್ಟೋ ಹಳ್ಳಿಗಳ ಐತೀರ್ಪು ಬಂದದ್ದು ಎಂಬತ್ತರ ದಶಕದಲ್ಲಿ. ಅಷ್ಟು ವರ್ಷ ಆ ನೆಲವನ್ನು ಮಾರುವುದು ಕಷ್ಟ, ಅದರ ಮೇಲೆ ಸಾಲ ಹುಟ್ಟುವುದೂ ಕಷ್ಟ. ಪಕ್ಕದಲ್ಲೇ ವಾಶಿಯ ಸೇತುವೆ 1973ರಿಂದ ಬಸ್ಸು ಲಾರಿಗಳನ್ನು ಸಾಗಿಸುತ್ತಿತ್ತು.

ದೇಶದ ಕಾನೂನು ಚಿಂತನೆಯೂ ಆ ದಶಕದಲ್ಲಿ ಆಸ್ತಿಯಿಂದ ದೂರ ಸರಿಯುತ್ತಿತ್ತು. ಇಪ್ಪತ್ತೈದನೆಯ ತಿದ್ದುಪಡಿ 1971ರಲ್ಲಿ ‘ಪರಿಹಾರ’ದ ಜಾಗದಲ್ಲಿ ಬರೀ ‘ಮೊತ್ತ’ವನ್ನು ತಂದಿತು. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿಗಳು ಕೇರಳದ ಭೂಸುಧಾರಣೆಯ ವಿರುದ್ಧ ಹಾಕಿದ ಮೊಕದ್ದಮೆಯಲ್ಲಿ 1973ರ ಏಪ್ರಿಲ್ 24ರಂದು ಸುಪ್ರೀಂ ಕೋರ್ಟ್ ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತು ಕೆಡಿಸಲಾಗದೆಂದಿತು. ಆದರೆ ಆ ‘ಮೊತ್ತ’ವನ್ನು ಉಳಿಸಿತು. ನಿರ್ಣಾಯಕ ಮತ ನ್ಯಾಯಮೂರ್ತಿ ಎಚ್. ಆರ್. ಖನ್ನಾ ಅವರದು. ಆಸ್ತಿಯ ಹಕ್ಕು ಮೂಲ ಸ್ವರೂಪದ ಭಾಗವಲ್ಲವೆಂದ ಅವರೇ 1976ರಲ್ಲಿ, ತುರ್ತು ಪರಿಸ್ಥಿತಿಯ ನಡುವೆ, ಬಂಧಿತನಿಗೆ ಕೋರ್ಟಿನ ಬಾಗಿಲು ಮುಚ್ಚಲಾಗದೆಂದು ಒಬ್ಬರೇ ಭಿನ್ನಮತ ಬರೆದರು. ಜನತಾ ಸರ್ಕಾರದ ನಲವತ್ತನಾಲ್ಕನೆಯ ತಿದ್ದುಪಡಿಯಲ್ಲಿ (1978) ಎರಡೂ ಎಳೆ ಒಂದೇ ಕಾಗದದ ಮೇಲೆ ಬಂದವು: ಜೀವದ ಹಾಗೂ ವೈಯಕ್ತಿಕ ಸ್ವಾತಂತ್ರ್ಯದ ಹಕ್ಕನ್ನು ತುರ್ತು ಪರಿಸ್ಥಿತಿಯಲ್ಲೂ ಅಮಾನತುಗೊಳಿಸುವಂತಿಲ್ಲ, ಆಸ್ತಿ ಇನ್ನು ಮೂಲಭೂತ ಹಕ್ಕಲ್ಲ. ಆ ಲೋಕಸಭೆಯಲ್ಲಿ ಕುಲಾಬಾ ಕ್ಷೇತ್ರದಿಂದ ಶೇತ್ಕರಿ ಕಾಮ್‌ಗಾರ್ ಪಕ್ಷದ ದಿ. ಬಾ. ಪಾಟೀಲರಿದ್ದರು. ದೇಹದ ಬಿಡುಗಡೆಯನ್ನು ಭದ್ರಪಡಿಸಿ ನೆಲದ ಹಿಡಿತವನ್ನು ಸಡಿಲಿಸಿದ ಆ ಸದನದ ಸದಸ್ಯ, ಆರೇ ವರ್ಷದಲ್ಲಿ ನೆಲದ ಹೆಸರಿನಲ್ಲಿ ಬೀದಿಗಿಳಿದರು.

ಉರಣ್‌ನ ಜಾಸಯಿಯಲ್ಲಿ 1926ರಲ್ಲಿ ಹುಟ್ಟಿದ ಪಾಟೀಲರು ವಕೀಲರು, ಪನ್ವೇಲ್‌ನಿಂದ ಐದು ಬಾರಿ ಶಾಸಕರು. ಜನರ ಬಾಯಲ್ಲಿ ದಿಬಾ. ಅವರ ಪಕ್ಷ ಮಾರ್ಕ್ಸ್‌ವಾದವನ್ನು ಒಪ್ಪಿಕೊಂಡದ್ದು. ಖಾಸಗಿ ಆಸ್ತಿಯನ್ನು ಸಂಶಯದಿಂದ ಕಾಣುವ ಪಕ್ಷ ರೈತನ ಆಸ್ತಿಗಾಗಿ ಪ್ರಾಣ ಕೊಡುವುದು ಹೇಗೆ ಎಂದು ಆಗಲೂ ಕೊಂಕು ನುಡಿದವರಿದ್ದರು. ಚರಿಯ ಮುಷ್ಕರವನ್ನು ನೆನೆದರೆ ವಿರೋಧಾಭಾಸ ಕರಗುತ್ತದೆ. ಅಲ್ಲಿ ನೆಲ ಬೇಕಾಗಿದ್ದುದು ಇನ್ನೊಬ್ಬನ ಮುಂದೆ ಕೈಕಟ್ಟಿ ನಿಲ್ಲದಿರಲು. ಇಲ್ಲಿ ಬೇಕಾಗಿದ್ದುದೂ ಅದಕ್ಕೇ. ನ್ಹಾವಾ ಶೇವಾ ಬಂದರಿಗೂ ನವಿ ಮುಂಬಯಿಗೂ ಉರಣ್‌ನ ಜಮೀನು ಹೋಗತೊಡಗಿದಾಗ ಚಳವಳಿ ಕಾವೇರಿತು. 1984ರ ಜನವರಿ 16 ಮತ್ತು 17ರಂದು ದಾಸ್ತಾನ್ ಫಾಟಾ, ಜಾಸಯಿ ಸುತ್ತ ಪೊಲೀಸರು ಗುಂಡು ಹಾರಿಸಿದರು. ಐವರು ರೈತರು ಸತ್ತರು. ಚಿರ್ನೇರ್ ಅಲ್ಲಿಂದ ದೂರವೇನಲ್ಲ. ಬ್ರಿಟಿಷರ ಕಾಲದ ಗುಂಡಿನ ನೆನಪಿಗೆ ಸ್ತಂಭ ಕಟ್ಟಿದ್ದ ತಾಲೂಕಿನಲ್ಲಿ ಸ್ವರಾಜ್ಯದ ಗುಂಡಿಗೂ ಸ್ಮಾರಕ ಎದ್ದಿತು.

ಈ ಚಳವಳಿಯ ಒತ್ತಡದಲ್ಲಿ ಹುಟ್ಟಿದ್ದು ‘ಸಾಡೆಬಾರಾ ಟಕ್ಕೆ’. ಹನ್ನೆರಡೂವರೆ ಶೇಕಡದ ಈ ಯೋಜನೆಯನ್ನು ಶರದ್ ಪವಾರ್ ಮುಖ್ಯಮಂತ್ರಿಯಾಗಿದ್ದಾಗ 1990ರಲ್ಲಿ ಪ್ರಕಟಿಸಲಾಯಿತು, 1994ರಲ್ಲಿ ವಿಸ್ತರಿಸಲಾಯಿತು. ಹೋದ ಜಮೀನಿನ ಹನ್ನೆರಡೂವರೆ ಶೇಕಡದಷ್ಟನ್ನು ಅಭಿವೃದ್ಧಿಪಡಿಸಿದ ನಿವೇಶನವಾಗಿ ಹಿಂದಿರುಗಿಸುವುದು. ಅದರಲ್ಲಿ ಸಾರ್ವಜನಿಕ ಸೌಕರ್ಯಕ್ಕೆ ಕಳೆದು ಕೈಗೆ ಸಿಗುವುದು 8.75 ಶೇಕಡ. ಇಲ್ಲಿಯೇ ಗಟ್ಟಿಯಾದ ಆಕ್ಷೇಪ ಎದುರಾಗುತ್ತದೆ. ಕೊನೆಗೂ ರೈತರು ಕೇಳಿದ್ದು ಹೆಚ್ಚಿನ ಪಾಲನ್ನಲ್ಲವೇ? ಶೇಕಡ ಕೂಡಿಬಂದ ಮೇಲೆ ಜಗಳ ತಣ್ಣಗಾಯಿತಲ್ಲವೇ? ಹಾಗಾದರೆ ಮೌಲ್ಯಗಳ ಸಂಘರ್ಷ, ಅಳೆಯಲಾಗದ ನಷ್ಟ ಎಂಬ ದೊಡ್ಡ ಮಾತುಗಳೆಲ್ಲ ಯಾಕೆ, ಇದು ಬರೀ ಚೌಕಾಸಿ. ಈ ಆಕ್ಷೇಪದಲ್ಲಿ ಹುರುಳಿದೆ. ಯೋಜನೆಯಿಂದ ಎಷ್ಟೋ ಕುಟುಂಬಗಳು ಸ್ಥಿತಿವಂತರಾದವು, ನಿವೇಶನಗಳನ್ನು ಬಿಲ್ಡರುಗಳಿಗೆ ಕೊಟ್ಟು ಫ್ಲ್ಯಾಟು ಪಡೆದವು. ಉಪ್ಪಿನ ಗದ್ದೆಯ ದುಡಿಮೆಗೆ ಮರಳುತ್ತೇವೆಂದು ಹಟ ಹಿಡಿದವರು ವಿರಳ. ಆದರೂ ಯೋಜನೆಯ ಸ್ವರೂಪವನ್ನೇ ಗಮನಿಸಿ. ಮೊದಲು ಕೊಟ್ಟದ್ದು ಪೂರ್ತಿ ಪರಿಹಾರವಾಗಿದ್ದರೆ ನೆಲ ಹಿಂದಿರುಗಿಸುವ ಪ್ರಶ್ನೆಯೇ ಏಳುತ್ತಿರಲಿಲ್ಲ. ದುಡ್ಡು ತೀರಿಸಲಾಗದ ಬಾಕಿಯೊಂದು ಉಳಿದಿದೆಯೆಂದು ಸರ್ಕಾರ ಒಪ್ಪಿಕೊಂಡದ್ದರ ಗುರುತು ಅದು. ಆ ಬಾಕಿಯನ್ನು ಶೇಕಡದಲ್ಲಿ ಹೇಳಿದ್ದು ಬೇರೆ ಭಾಷೆ ಇಲ್ಲದ್ದರಿಂದ. ಮನುಷ್ಯರು ಮಗುವಿನ ಸಾವಿಗೂ ವಿಮೆಯ ಮೊತ್ತ ಕೇಳುತ್ತಾರೆ. ಕೇಳಿದ ಮಾತ್ರಕ್ಕೆ ಮಗುವಿನ ಬೆಲೆ ಅಷ್ಟೇ ಎಂದಾಗುವುದಿಲ್ಲ. ಇನ್ನೂ ಒಂದು ಸಾಕ್ಷ್ಯವಿದೆ. ನವಿ ಮುಂಬಯಿಯ ವಿಮಾನ ನಿಲ್ದಾಣಕ್ಕಾಗಿ ಹತ್ತು ಊರುಗಳು ಎದ್ದುಹೋಗಬೇಕಾಗಿ ಬಂದಾಗ ಇಪ್ಪತ್ತೆರಡೂವರೆ ಶೇಕಡದ ಹೆಚ್ಚಿನ ಕೊಡುಗೆ ಬಂತು. ಆದರೂ 2021ರಲ್ಲಿ ಊರೂರಿನ ಜನ ಮಾನವ ಸರಪಳಿ ಕಟ್ಟಿದರು, ಬೇಲಾಪುರದ ಸಿಡ್ಕೋ ಭವನಕ್ಕೆ ಮುತ್ತಿಗೆ ಹಾಕಿದರು. ಆಗ ಕೇಳಿದ್ದು ದುಡ್ಡಲ್ಲ, ಹೆಸರು: ನಿಲ್ದಾಣಕ್ಕೆ ದಿಬಾ ಹೆಸರಿಡಿ. ಚೌಕಾಸಿಯೊಂದೇ ಆಗಿದ್ದರೆ ಇದಕ್ಕೆ ವಿವರಣೆಯಿಲ್ಲ.

ಈ ಕಥೆಯಲ್ಲಿ ಕನ್ನಡಿಗರ ಪಾತ್ರವನ್ನು ನಾವು ಸಾಮಾನ್ಯವಾಗಿ ಮರೆಯುತ್ತೇವೆ. ದ್ವೀಪದ ಚಾಳು ಬಿಟ್ಟು ಖಾಡಿ ದಾಟಿ ಬಂದವರಲ್ಲಿ ದಕ್ಷಿಣ ಕನ್ನಡ, ಉಡುಪಿಯ ಹೋಟೆಲಿನವರು, ಬ್ಯಾಂಕಿನ ನೌಕರರು, ಗುಮಾಸ್ತರು ಬಹಳ. ವಾಶಿ, ನೆರೂಳ್, ಕಲಂಬೋಲಿಗಳಲ್ಲಿ ಕನ್ನಡದ ಸಂಘಗಳು ಎದ್ದದ್ದು, ಯಕ್ಷಗಾನದ ಚೆಂಡೆ ಕೇಳಿದ್ದು ಆಗ್ರಿ ರೈತ ಬಿಟ್ಟುಕೊಟ್ಟ ನೆಲದ ಮೇಲೆ. ಅದರಾಚೆ ಇನ್ನೊಂದು ಕನ್ನಡವೂ ಇದೆ: ವಿಜಾಪುರ, ಕಲಬುರ್ಗಿ, ಯಾದಗಿರಿ ಕಡೆಯಿಂದ ಬಂದು ನಾಕಾಗಳಲ್ಲಿ ಕೂಲಿಗೆ ನಿಂತು ಈ ನಗರದ ಇಟ್ಟಿಗೆ ಹೊತ್ತವರದು. ಅವರಿಗೆ ಶೇಕಡ ಇಲ್ಲ, ಫ್ಲ್ಯಾಟೂ ಇಲ್ಲ. ರೈತ ಮತ್ತು ಸರ್ಕಾರ ಎಂಬ ಇಬ್ಬರ ನಡುವಿನ ವ್ಯಾಜ್ಯವಾಗಿ ಇದನ್ನು ನೋಡುವಾಗ ಮರೆಯಾಗುವವರು ಇವರೇ. ಮರೆಯಾಗದ ಸಂದರ್ಭವೂ ಒಂದಿದೆ. ಮೂಲ ನಿವಾಸಿಗಳ ಗಾವ್‌ಠಾಣ್‌ಗಳ (ಊರಿನ ಮನೆಗಳಿರುವ ನೆಲದ) ಎಲ್ಲೆಯನ್ನು ಕಾಲಕಾಲಕ್ಕೆ ಹಿಗ್ಗಿಸದೆ ಬಿಟ್ಟದ್ದರಿಂದ, ಮದುವೆಯಾದ ಮಗನಿಗೆಂದು ಹಳ್ಳಿಗ ತನ್ನ ಹಿತ್ತಲಲ್ಲಿ ಕಟ್ಟಿದ ಕೋಣೆ ಸಿಡ್ಕೋ ನೆಲದ ಮೇಲಿನ ಒತ್ತುವರಿಯಾಯಿತು. ಅಂಥವನ್ನು ‘ಗರಜೇಪೋಟಿ’, ಅಂದರೆ ಅಗತ್ಯಕ್ಕಾಗಿ, ಕಟ್ಟಿದ ಮನೆಗಳೆಂದು ಕರೆದು ಸಕ್ರಮಗೊಳಿಸಬೇಕೆಂಬ ಬೇಡಿಕೆ ದಶಕಗಳದು. ಅದೇ ನೆರಳಿನಲ್ಲಿ ನಾಲ್ಕೈದು ಮಹಡಿಗಳೂ ಎದ್ದವು, ಅಗ್ಗವೆಂದು ವಲಸಿಗರು ಅವನ್ನು ಕೊಂಡರು. ದಿಘಾದ 99 ಅನಧಿಕೃತ ಕಟ್ಟಡಗಳ ಮೇಲೆ 2015ರಲ್ಲಿ ಹೈಕೋರ್ಟಿನ ಆದೇಶ ಬಂದಾಗ ಬೀದಿಗೆ ಬೀಳುವ ಸ್ಥಿತಿ ಬಂದದ್ದು ಜೀವಮಾನದ ಉಳಿತಾಯ ಹಾಕಿದ ಈ ಕೊಳ್ಳುಗರಿಗೆ. ಮೂಲ ಮಾಲೀಕನ ನ್ಯಾಯ, ಕಾನೂನಿನ ನ್ಯಾಯ, ಸೂರು ಕೊಂಡವನ ನ್ಯಾಯ ಒಂದೇ ಗೋಡೆಗೆ ಒರಗಿ ನಿಂತಿದ್ದವು.

ಕಲ್ಯಾಣ್, ಡೊಂಬಿವಲಿಯ ಕಡೆ ಇದೇ ಪ್ರಶ್ನೆ ಬೇರೆ ವೇಷದಲ್ಲಿ ಬಂತು. ಅಲ್ಲಿ ತಕರಾರು ನೆಲದ್ದಕ್ಕಿಂತ ಆಡಳಿತದ್ದು. 1983ರಲ್ಲಿ ಮಹಾನಗರಪಾಲಿಕೆ ರಚನೆಯಾದಾಗ ಸುತ್ತಲಿನ ಹಳ್ಳಿಗಳನ್ನು ಅದರೊಳಗೆ ಸೇರಿಸಿದರು. ತೆರಿಗೆ ಬರುತ್ತದೆ, ನೀರು ಬರುವುದಿಲ್ಲ ಎಂಬ ದೂರಿನ ಮೇಲೆ 27 ಹಳ್ಳಿಗಳು 2002ರಲ್ಲಿ ಹೊರಬಂದವು. 2015ರಲ್ಲಿ ಮತ್ತೆ ಒಳಗೆ ಹೋದವು. 2020ರಲ್ಲಿ 18 ಹಳ್ಳಿಗಳನ್ನು ಬೇರ್ಪಡಿಸುವ ಸರ್ಕಾರದ ನಿರ್ಧಾರವನ್ನು ಹೈಕೋರ್ಟ್ ರದ್ದುಮಾಡಿತು. ತನ್ನನ್ನು ತಾನೇ ಆಳಿಕೊಳ್ಳುವ ಆಸೆ ಒಂದು ಕಡೆ, ದೊಡ್ಡ ಊರಿನ ಕೊಳಾಯಿ ಚರಂಡಿಗಳ ಆಸೆ ಇನ್ನೊಂದು ಕಡೆ. ಎರಡನ್ನೂ ಒಟ್ಟಿಗೆ ಕೊಡುತ್ತೇವೆಂದು ಪ್ರತಿ ಚುನಾವಣೆಯಲ್ಲೂ ಹೇಳಿದವರಿದ್ದಾರೆ.

ಹಾಗಾದರೆ ಜನರನ್ನೇ ಕೇಳಿಬಿಡಬಾರದೇ? ಹಾಗೆ ಕೇಳಿದ ಒಂದು ಸಂದರ್ಭ ನೆರೆಯ ಪೇಣ್ ತಾಲೂಕಿನ ಸುತ್ತಲಿನದು. ರಿಲಯನ್ಸ್ ಬಳಗದ ವಿಶೇಷ ಆರ್ಥಿಕ ವಲಯದ ವಿರುದ್ಧ ಎನ್. ಡಿ. ಪಾಟೀಲರಂಥ ಹಿರಿಯರ ಮುಂದಾಳ್ತನದಲ್ಲಿ ನಡೆದ ಹೋರಾಟದ ಫಲವಾಗಿ, 2008ರ ಸೆಪ್ಟೆಂಬರ್ 21ರಂದು 22 ಹಳ್ಳಿಗಳ ಜಮೀನುದಾರರು ಭೂಮಿ ಕೊಡಬೇಕೇ ಬೇಡವೇ ಎಂದು ಮತ ಹಾಕಿದರು. ಸ್ವಾಧೀನ ಮುಂದೆ ಸಾಗಲಿಲ್ಲ. ಜಾಸಯಿಯ ಗುಂಡಿನಿಂದ ಪೇಣ್‌ನ ಮತಪೆಟ್ಟಿಗೆಗೆ ಬಂದದ್ದು ಸಣ್ಣ ದೂರವಲ್ಲ. 2013ರ ಭೂಸ್ವಾಧೀನ ಕಾಯಿದೆ ಖಾಸಗಿ ಯೋಜನೆಗಳಿಗೆ ಶೇಕಡ 80, ಖಾಸಗಿ ಪಾಲುದಾರಿಕೆಯ ಸರ್ಕಾರಿ ಯೋಜನೆಗಳಿಗೆ ಶೇಕಡ 70 ಭೂಮಾಲೀಕರ ಒಪ್ಪಿಗೆ ಬೇಕೆಂದದ್ದು ಇಂಥ ಹೋರಾಟಗಳ ಬೆಳೆಯೇ. ನಮ್ಮ ದೇವನಹಳ್ಳಿಯ ಚನ್ನರಾಯಪಟ್ಟಣ ಹೋಬಳಿಯಲ್ಲಿ 1,777 ಎಕರೆಯ ಸ್ವಾಧೀನವನ್ನು 2025ರ ಜುಲೈನಲ್ಲಿ ಕೈಬಿಟ್ಟದ್ದೂ ಅದೇ ಸಾಲಿನದು. ಆದರೂ ಒಪ್ಪಿಗೆ ಎಲ್ಲ ರೋಗಕ್ಕೂ ಮದ್ದು ಎಂದು ನಾನು ಹೇಳಲಾರೆ. ಬಹುಮತ ಬೇಡವೆಂದರೆ ಮಾರಬೇಕೆಂದಿದ್ದವನ ಇಚ್ಛೆ ಬೀಳುತ್ತದೆ. ಬಹುಮತ ಬೇಕೆಂದರೆ ಉಳಿಯಬೇಕೆಂದವನದು. ಹೊಸ ನಗರದಲ್ಲಿ ಮನೆ ಹುಡುಕುವ ನಾಳಿನವನಿಗೆ ಅಲ್ಲಿ ಮತವೇ ಇಲ್ಲ. ಮತದಾನ ನಷ್ಟವನ್ನು ಇಲ್ಲವಾಗಿಸುವುದಿಲ್ಲ. ಅದನ್ನು ಹೊರುವವರು ಮಾತಾಡಿದ ಮೇಲೆ ತೀರ್ಮಾನವಾಗುವಂತೆ ನೋಡಿಕೊಳ್ಳುತ್ತದೆ. ಮೌಲ್ಯಗಳು ಒಂದೇ ಅಳತೆಗೆ ಸಿಗುವುದಿಲ್ಲವೆಂದರೆ ತೀರ್ಮಾನವೇ ಅಸಾಧ್ಯವಾಗುತ್ತದೆ, ಬಲಶಾಲಿಯ ಮಾತೇ ನಡೆಯುತ್ತದೆ ಎಂದು ಬರ್ಲಿನ್‌ಗೆ ಹಲವರು ಎದುರಾಡಿದ್ದಾರೆ. ಈ ಖಾಡಿಯ ದಡದ ಅನುಭವ ತಿರುಗುಮುರುಗು. ಬಲಶಾಲಿಯ ಮಾತು ನಡೆದದ್ದು ಎಲ್ಲರ ಹಿತವೂ ಒಂದೇ, ಕಳೆದುಕೊಳ್ಳುವವರು ಯಾರೂ ಇಲ್ಲ ಎಂದು ಗಟ್ಟಿಯಾಗಿ ನಂಬಿದ್ದ ವರ್ಷಗಳಲ್ಲಿ.

ಮತವೂ ಇಲ್ಲದ, ಸಾತ್‌ಬಾರಾದಲ್ಲಿ ಹೆಸರೂ ಇಲ್ಲದ ಕೋಳಿ ಮೀನುಗಾರರ ಸರದಿ ಬಂದದ್ದು ಎಲ್ಲರಿಗಿಂತ ತಡವಾಗಿ. ಖಾಡಿಯ ನೀರು ಯಾರ ಆಸ್ತಿಯೂ ಅಲ್ಲ. ಹಾಗಾಗಿ ಹೂಳು ತುಂಬಿ ಬಂದರು ಕಟ್ಟಿದಾಗ, ಕಾಂಡ್ಲ ಕಡಿದಾಗ, ಅವರಿಂದ ಕಾನೂನಿನ ಪ್ರಕಾರ ಏನನ್ನೂ ತೆಗೆದುಕೊಂಡಿರಲಿಲ್ಲ. ಉಳುವವನ ನಷ್ಟವನ್ನು ಕಡೇಪಕ್ಷ ಗುಂಟೆಯಲ್ಲಿ ಬರೆಯಬಹುದಿತ್ತು, ಬಲೆ ಬೀಸುವವನದನ್ನು ಬರೆಯಲು ಕಾಲಂ ಇರಲಿಲ್ಲ. 2015ರ ಫೆಬ್ರವರಿಯಲ್ಲಿ ಪುಣೆಯ ಹಸಿರು ನ್ಯಾಯಮಂಡಳಿ ಉರಣ್ ಸುತ್ತಲಿನ ಕೋಳಿವಾಡಗಳ 1,630 ಕುಟುಂಬಗಳಿಗೆ 95 ಕೋಟಿ ರೂಪಾಯಿಗೂ ಮಿಕ್ಕಿದ ಪರಿಹಾರ ಕೊಡಬೇಕೆಂದು ಆದೇಶಿಸಿದಾಗ, ತಲೆತಲಾಂತರದ ಮೀನುಗಾರಿಕೆಯೂ ಒಂದು ಹಕ್ಕು ಎಂಬುದಕ್ಕೆ ಅಧಿಕೃತ ಮುದ್ರೆ ಬಿತ್ತು. ವಾಶಿಯ ಮೂರನೆಯ ಸೇತುವೆಯ ವಿಷಯದಲ್ಲಿ ಅಲ್ಲಿನ ಮೀನುಗಾರರ ಸಹಕಾರಿ ಸಂಘ ಹೈಕೋರ್ಟಿಗೆ ಹೋದಾಗ 2021ರ ಆಗಸ್ಟ್‌ನಲ್ಲಿ ಬಂದ ತೀರ್ಪು ಇನ್ನೂ ಒಂದು ಹೆಜ್ಜೆ ಮುಂದಿಟ್ಟಿತು. ಸೇತುವೆ ಊರಿಗೆ ಬೇಕು, ಅದು ಆಗಲಿ. ಆದರೆ ಅದರಿಂದ ಇವರ ಕಸುಬಿಗೆ ಆಗುವ ಪೆಟ್ಟು ನಿಜ, ಅದನ್ನು ಲೆಕ್ಕಹಾಕಿ ತುಂಬಿಕೊಡಬೇಕು. 1970ರ ಅಧಿಸೂಚನೆ ಬರೆದವರಿಗೆ ಈ ಎರಡು ವಾಕ್ಯಗಳನ್ನು ಒಟ್ಟಿಗೆ ಬರೆಯಲು ಆಗಿರಲಿಲ್ಲ. ಎಷ್ಟು ಕೊಡಬೇಕು, ಸಂಘದಲ್ಲಿ ಹೆಸರಿಲ್ಲದೆ ಕೆಸರಿನಲ್ಲಿ ಚಿಪ್ಪು ಆರಿಸುವ ಹೆಂಗಸರನ್ನು ಯಾವ ಪಟ್ಟಿಗೆ ಸೇರಿಸಬೇಕು ಎಂಬ ಪ್ರಶ್ನೆಗಳನ್ನು ಕೋರ್ಟಿನ ತೀರ್ಪು ತಾನಾಗಿ ಬಗೆಹರಿಸುವುದಿಲ್ಲ. ಆ ಜಗಳವನ್ನು ವಾಶಿಗಾಂವ್, ದಿವಾಳೆ, ಸಾರಸೋಳೆಗಳ ಜೆಟ್ಟಿಗಳಲ್ಲೂ ಸಿಡ್ಕೋ ಕಚೇರಿಯ ಮೇಜುಗಳ ಮುಂದೆಯೂ ಹೊಸದಾಗಿ ಆಡಬೇಕು.